ಚೌಕಗಳ ಅನುವಾದಕ

ಓದಲಾಗದ ದೋಷವನ್ನು ಸರಿಪಡಿಸುವುದು ನಿಯಮಬಾಹಿರ ಎಂಬುದು ಜನನ ನೋಂದಣಿ ಕಚೇರಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ಬೆರಳಚ್ಚು ಕೊಡದೆ ಅಲ್ಲಿ ಜನನ ಪತ್ರ ಸಿಗುತ್ತಿರಲಿಲ್ಲ, ಅಲ್ಲಿನ ಕಂಪ್ಯೂಟರೋ ಬೆರಳಚ್ಚು ತೆಗೆಯುವ ತಂತ್ರಾಂಶದ ಘಟಕವನ್ನು ಲೋಡ್ ಮಾಡಲು ಹೋಗಿ ಪ್ರತಿಸಲವೂ ಮುಗ್ಗರಿಸುತ್ತಿತ್ತು. ಮುಗ್ಗರಿಸಿದ ಕಾರಣವನ್ನು ಪ್ರಾಮಾಣಿಕವಾಗಿ ತೆರೆಯ ಮೇಲೆ ಬರೆಯುತ್ತಲೂ ಇತ್ತು. ಆದರೆ ಅಕ್ಷರಗಳಿರಬೇಕಾದ ಕಡೆ ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು.

ಆದಕಾರಣ ಮುಖ್ಯಾಧಿಕಾರಿಗಳು ಚೌಕಭಾಷಾ ಅನುವಾದಕರ ಹುದ್ದೆಯನ್ನು ಸೃಷ್ಟಿಸಿ, ಅರ್ಹತೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಹೆಂಡತಿಯ ತಮ್ಮನನ್ನೇ ನೇಮಿಸಿದರು. ಆ ಭಾಷೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ, ಬಲ್ಲವರೇ ಇರಲಿಲ್ಲ. ಪಾಪದ ಹುಡುಗ, ಯಾವ ಸಂದೇಶ ಬಂದರೂ ನಿಷ್ಠೆಯಿಂದ ಅನುವಾದಿಸುತ್ತಿದ್ದ: “ನಾಳೆ ಬನ್ನಿ.”

ಒಂದು ಮಧ್ಯಾಹ್ನ ಬಸ್ಸಿನ ಕಂಡಕ್ಟರಮ್ಮ ಮಗಳ ಕೈಹಿಡಿದು ಬಂದಳು.

“ಅಣ್ಣಾ, ಇವತ್ತು ಸಂಜೆಗೆ ಶಾಲೆಗೆ ಸೇರಿಸೋದು ಮುಗಿದುಹೋಗುತ್ತೆ. ಜನನ ಪತ್ರ ಇಲ್ಲದೆ ಒಳಗೇ ಬಿಡಲ್ಲ ಅಂತಾರೆ. ನಿನ್ನೆನೂ ನಾಳೆ ಅಂದ್ರಿ.”

“ಅದು ನಿನ್ನೆ ಬಂದ ಚೌಕಗಳ ಮಾತಮ್ಮ,” ಎಂದ ಅನುವಾದಕ. ಆದರೂ ಆ ಮಗುವಿನ ಮುಖ ನೋಡಿ ಅವನಿಗೆ ಮರುಕ ಹುಟ್ಟಿತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕೆಲಸ ಮಾಡಿದ. ಸಂದೇಶವನ್ನು ಒಂದು ಅಕ್ಷರ ಸಂಕೇತದಲ್ಲಿ ಬರೆದು ಇನ್ನೊಂದರಲ್ಲಿ ತೋರಿಸುತ್ತಿದ್ದುದೇ ಚೌಕಗಳಿಗೆ ಕಾರಣವಾಗಿತ್ತು. ತಡಕಾಡಿ ಸಂಕೇತ ಬದಲಿಸಿದ್ದೇ ತಡ, ಚೌಕಗಳೆಲ್ಲ ಅಕ್ಷರಗಳಾದವು: “ಘಟಕಕ್ಕೆ ಬೇಕಾದ ಫೈಲು ಬೇರೆ ಫೋಲ್ಡರಿನಲ್ಲಿದೆ. ಇಲ್ಲಿಗೆ ತನ್ನಿ.”

ಅವನು ಕುಣಿಯುತ್ತಾ ಮುಖ್ಯಾಧಿಕಾರಿಗಳ ಕೋಣೆಗೆ ನುಗ್ಗಿದ. “ಭಾವಾ, ಓದೋಕೆ ಬಂತು! ಈಗಲೇ ಸರಿಮಾಡಬಹುದು!”

“ಮೆಲ್ಲಗೆ ಮಾತಾಡೋ. ಎಲ್ಲರಿಗೂ ಓದೋಕೆ ಬಂದ್ರೆ ನೀನ್ಯಾಕೆ ಬೇಕು? ನಿಮ್ಮಕ್ಕನಿಗೆ ನಾನು ಏನು ಹೇಳಲಿ?”

“ಆ ತಾಯಿಗೆ ನಾನು ಏನು ಹೇಳಲಿ?”

“ಅನುವಾದ ಹೇಳು.”

ತಕ್ಷಣ ಸುತ್ತೋಲೆ ಹೊರಟಿತು: “ಯಂತ್ರವು ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ ಅರ್ಥವಾಗುವಂತೆ ಮಾತನಾಡಿರುವುದು ಗಮನಕ್ಕೆ ಬಂದಿರುತ್ತದೆ. ಅನುವಾದಕರ ನೆರವಿಲ್ಲದೆ ತಿಳಿದ ದೋಷಗಳು ಅಸಿಂಧು. ಯಂತ್ರವನ್ನು ಈ ಕೂಡಲೇ ಪೂರ್ವಸ್ಥಿತಿಗೆ ತರತಕ್ಕದ್ದು.”

ಅನುವಾದಕ ತನ್ನ ಕೈಯಾರೆ ಚೌಕಗಳನ್ನು ಮರಳಿ ತಂದ. ಕರುಳು ಚುರುಕ್ ಎಂದಿತು. ಆದರೆ ಅದೇ ಕರುಳಿಗೆ ದಿನಕ್ಕೆ ಎರಡು ಹೊತ್ತು ಊಟವೂ ಬೇಕಲ್ಲ.

“ಏನಂತೆ ಅಣ್ಣಾ?”

ಅವನು ತೆರೆಯನ್ನು ಬಹಳ ಹೊತ್ತು ನೋಡಿದ. ಅವಳ ಮುಖವನ್ನು ನೋಡಲಿಲ್ಲ.

“ಈ ಸಲ ಬೇರೆ ಬರೆದಿದೆಯಮ್ಮ. ಮುಂದಿನ ವರ್ಷ ಬನ್ನಿ ಅಂತ.”

ಕಂಡಕ್ಟರಮ್ಮ ಕಣ್ಣೊರೆಸಿಕೊಂಡು ಕೈಮುಗಿದಳು. “ಹೋಗಲಿ ಬಿಡಿ, ಸುಮ್ಮನೆ ಅಲೆಯೋದಾದ್ರೂ ತಪ್ಪಿತು.” ಆಮೇಲೆ ಮಗಳನ್ನು ಎತ್ತಿಕೊಂಡು ಅವನನ್ನು ತೋರಿಸಿದಳು. “ನೋಡಿದ್ಯಾ ಪುಟ್ಟಿ, ನೀನೂ ಹೀಗೇ ಓದೋದು ಕಲಿಯಬೇಕು.”