ವೆಬ್‌ಸೈಟಿಗೆ ಕಟ್ಟಿದ ದೃಷ್ಟಿಗೊಂಬೆ

ಮನೆ ಮಾರುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಗೇಟಿಗೆ ಬೋರ್ಡು ಕಟ್ಟಿದರೆ ಸಂಜೆಯೊಳಗೆ ಜನ ಸಾಲುಗಟ್ಟುತ್ತಾರೆ ಎಂಬ ಧೈರ್ಯ. ಆದರೆ ಅಟ್ಟೂರಿನ ನಮ್ಮ ಬೀದಿಯಲ್ಲಿ ಆಗಲೇ ಏಳು ಬೋರ್ಡು ನೇತಾಡುತ್ತಿದ್ದವು. ಕೊಳ್ಳುವವರೇ ಇಲ್ಲದ ಕಾಲ. ನಮ್ಮ ಎಂಟನೇ ಬೋರ್ಡು ನೋಡಲು ಬಂದದ್ದು ಒಂದು ಹಸು. ಮೂಲೆ ತಿಂದು ಹೋಯಿತು!

ನಮ್ಮದು ಮೂರನೇ ಮಹಡಿಯ ಫ್ಲಾಟು. ಲಿಫ್ಟು ಕೆಟ್ಟು ಕೂತಿದೆ. ಐವತ್ತೆರಡು ಮೆಟ್ಟಿಲು, ಒಂದೊಂದರ ಪರಿಚಯವೂ ನೋಯುವ ನನ್ನ ಮಂಡಿಗಿದೆ. ಬಾಗಲೂರಿನಲ್ಲಿ ತಂಗಿ ಪುಟ್ಟಮ್ಮನ ಪಕ್ಕದ ಮನೆ ಮಾರಾಟಕ್ಕಿತ್ತು. ಒಂದು ಮೆಟ್ಟಿಲೂ ಇಲ್ಲ. ಯುಗಾದಿಯವರೆಗೆ ಕಾಯುತ್ತೇನೆ ಎಂದು ಅದರ ಯಜಮಾನ ಮಾತು ಕೊಟ್ಟಿದ್ದ. ಅಷ್ಟರೊಳಗೆ ಇದನ್ನು ಮಾರಬೇಕು.

ಕೆಳಗಿನ ಮನೆಯ ಸವಿತಾ ಕಲಬುರಗಿಯವಳು, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. "ಅಜ್ಜಿ, ಇಂಥಾ ಟೈಮ್‌ನಾಗ ಬೋರ್ಡ್ ಯಾರ್ ನೋಡ್ತಾರ್ರಿ? ವೆಬ್‌ಸೈಟ್ ಮಾಡಿ ಕೊಡ್ತೀನಿ," ಎಂದಳು. ಬೆಳಗಿನ ಬಿಸಿಲು ಬೀಳುವಾಗ ಕಿಟಕಿ ತೆಗೆದು ಫೋಟೋ ಹೊಡೆದಳು.

"ಲಿಫ್ಟು ಕೆಟ್ಟದೆ ಅಂತಾನೂ ಬರಿ. ಸುಳ್ಳು ಯಾಕೆ?" ಎಂದೆ.

"ಛಲೋ ಆತ್ರಿ. ಖರೇ ಹೇಳಿದ್ರ ನಂಬಿಕಿ ಬರ್ತದ."

ಪುಟದ ಕೆಳಗೆ ನೋಡಿದವರ ಲೆಕ್ಕ ಬರುತ್ತಿತ್ತು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಒಗ್ಗರಣೆ ಹಾಕಿ ನೋಡಿದೆ, ಒಂದು ಜಾಸ್ತಿ. ಬಟ್ಟೆ ಒಣಹಾಕಿ ನೋಡಿದೆ, ಇನ್ನೊಂದು. ಕೂತರೆ ನೋಡುವುದು, ಎದ್ದರೆ ನೋಡುವುದು. ನಾನು ನೋಡಿದಾಗಲೆಲ್ಲ ಒಂದು ಜಾಸ್ತಿ! ನಾಲ್ಕು ದಿನಕ್ಕೆ ಮುನ್ನೂರು ದಾಟಿತು.

ಫೋನು ಬಂದದ್ದು ಮಾತ್ರ ಒಂದೇ. ಯಶವಂತಪುರದ ಸೊಸೆಯೊಬ್ಬಳು. ಮನೆ ಹಿಡಿಸಿತಂತೆ, ಲಿಫ್ಟಿನ ವಿಷಯ ಮುಚ್ಚಿಡದಿದ್ದದ್ದೂ ಹಿಡಿಸಿತಂತೆ. ಅತ್ತೆಗೂ ಪುಟ ತೋರಿಸಿ ಭಾನುವಾರ ಬರುತ್ತೇವೆ ಎಂದಳು.

ಅದೇ ದಿನ ಹಾಲು ಒಡೆಯಿತು. ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿದರು. ನನಗೆ ಅರ್ಥವಾಗಿಹೋಯಿತು. ಮುನ್ನೂರು ಜನರ ಕಣ್ಣು! ದೃಷ್ಟಿಯಲ್ಲದೆ ಮತ್ತೇನು?

ಮೊದಲು ಫೋಟೋದ ಮೂಲೆಗೆ ಒಂದು ಕಪ್ಪು ಬೊಟ್ಟು ಇಡಿಸಿದೆ. ಲೆಕ್ಕ ಏರುತ್ತಲೇ ಇತ್ತು. ಕೋಣೆಯ ಫೋಟೋಗೊಂದರಂತೆ ನಿಂಬೆಹಣ್ಣು, ಮೆಣಸಿನಕಾಯಿ ಹಾಕಿಸಿದೆ. ಮತ್ತೂ ಏರಿತು! ಕೊನೆಗೆ ದೃಷ್ಟಿಗೊಂಬೆಯನ್ನೇ ತಂದೆ. ಕೋರೆಹಲ್ಲು, ಗಿರಿಜಾಮೀಸೆ, ಮೊಳದುದ್ದ ನಾಲಿಗೆ.

ಸವಿತಾ ಬೆಚ್ಚಿದಳು. "ಅಜ್ಜಿ, ಪೇಜ್ ತೆಗೆದ ಕೂಡ್ಲೇ ಮನಿ ಕಾಣಬೇಕ್ರಿ, ರಾಕ್ಷಸ ಅಲ್ಲ!"

"ಕಟ್ಟೋ ಬಿಲ್ಡಿಂಗ್‌ಗೆಲ್ಲಾ ನೇತಾಕ್ತಾರಲ್ಲ, ಅವರಿಗೇನು ತಲೆ ಕೆಟ್ಟದಾ? ಮುಂದ್ಗಡೇನೇ ಆಕು. ದೊಡ್ಡದಾಗಿ ಆಕು!"

ಹಾಕಿದಳು. ಪಾಪ, ಹಿರಿಯರ ಮಾತು ಮೀರುವವಳಲ್ಲ.

ಶನಿವಾರ ಯಶವಂತಪುರದಿಂದ ಫೋನು. "ಅಮ್ಮಾ, ನಮ್ಮತ್ತೆ ನಿಮ್ಮ ಪೇಜ್ ತೆಗೆದು ಕಿರುಚ್ಕೊಂಡ್ರು. ಫೋನ್ ಸಾಂಬಾರಿಗೆ ಬಿತ್ತು. ಆ ಮನೇಲಿ ಏನಾಗಿತ್ತು, ನಿಜ ಹೇಳ್ಬಿಡಿ."

"ಏನೂ ಆಗಿಲ್ಲ ಕಣಮ್ಮ!"

"ಏನೂ ಆಗ್ದೆ ಅಂಥಾದ್ದನ್ನ ಯಾರ್ ಹಾಕ್ತಾರೆ?"

ಫೋನು ಕಟ್ ಆಯಿತು. ಭಾನುವಾರ ಯಾರೂ ಬರಲಿಲ್ಲ.

ಸವಿತಾಳನ್ನು ಕೂಗಿದೆ. "ಅಷ್ಟು ಜನ ನೋಡಿದ್ರಲ್ಲ, ಮಿಕ್ಕೋರು ಎಲ್ಲವ್ರೆ? ಇಡ್ಕೊಂಡು ಬಾ!"

ಅವಳು ಕಂಪ್ಯೂಟರ್ ತೆರೆದು ಬಹಳ ಹೊತ್ತು ಹುಡುಕಿದಳು. ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡಳು.

"ಅಜ್ಜಿ, ಅದು ಮಂದಿ ಲೆಕ್ಕ ಅಲ್ರಿ, ಎಷ್ಟು ಸಲ ತೆಗೆದಾರ ಅನ್ನೋ ಲೆಕ್ಕ. ಹತ್ತಿಪ್ಪತ್ತು ಸಲ ನಾನು, ನಾಕೈದು ಸಲ ಯಶವಂತಪುರದವ್ರು. ಉಳಿದದ್ದೆಲ್ಲಾ ಒಂದೇ ಫೋನ್."

"ಯಾವ ಮುಂಡೇದು ಅದು?"

"ನಿಮ್ದು."

ಯಜಮಾನರು ಸೊಂಟ ಹಿಡಿದುಕೊಂಡೇ ನಕ್ಕರು. "ನನ್ನನ್ನ ಬಚ್ಚಲಲ್ಲಿ ಬೀಳಿಸಿದ ಕಣ್ಣು ನಿಂದೇ ಕಣೇ! ಆ ಗೊಂಬೆನ ನಿನ್ನ ಕೊರಳಿಗೇ ಕಟ್ಕೋ!"

ಯುಗಾದಿ ಕಳೆಯಿತು. ಬಾಗಲೂರಿನ ಆ ಮನೆಯಲ್ಲಿ ಬೇರೆ ಯಾರೋ ಹಾಲು ಉಕ್ಕಿಸಿದರು. ಆ ಊಟದ ಒಬ್ಬಟ್ಟನ್ನು ಪುಟ್ಟಮ್ಮ ಡಬ್ಬಿಯಲ್ಲಿ ತಂದುಕೊಟ್ಟಳು. ತಿಂದೆ. ಚೆನ್ನಾಗಿತ್ತು.

ಗೊಂಬೆಯನ್ನು ತೆಗೆಸಿದ್ದೇನೆ. ಇನ್ನು ಆ ಪುಟದ ಕಡೆ ತಲೆ ಹಾಕುವುದಿಲ್ಲವೆಂದು ದೇವರ ಮುಂದೆ ಆಣೆಯನ್ನೂ ಇಟ್ಟೆ. ಇವತ್ತು ಗೊಂಬೆ ನಿಜವಾಗಿಯೂ ಹೋಗಿದೆಯೇ ಎಂದು ಸುಮ್ಮನೆ ಒಮ್ಮೆ ನೋಡಿದೆ, ಅಷ್ಟೇ.

ಸಂಜೆ ಕೆಳಗಿನಿಂದ ಸವಿತಾ ಕೂಗಿದಳು: "ಅಜ್ಜೀ, ಇವತ್ತ ಆರು ಮಂದಿ ನೋಡ್ಯಾರ್ರಿ! ಆರೂ ಮಂದಿಗಿ ಮಂಡಿನೋವು ಅದ!"