ಕಿಸೆ ಇದ್ದ ಕೌದಿ

"ನರೋಣಾದ ಇತಿಹಾಸ ಉಳಿಸೋ ಗಂಡಸು ಈ ಊರಾಗ ನಾ ಒಬ್ಬನೇ!" ಎಂದು ಗುಡುಗಿದ ಜಗದೇವ ಮಾಸ್ತರರು, ಹೊರಸಿನ ಮೇಲೆ ಹರವಿದ್ದ ಅವ್ವನ ಕೌದಿಯ ಮೇಲೆ ಠೀವಿಯಿಂದ ಕುಳಿತರು. ಕುಳಿತದ್ದಕ್ಕಿಂತ ಜೋರಾಗಿ ಎದ್ದರು! ಕೌದಿಯ ತುಣುಕು ತುಣುಕಿಗೂ ಚೀಟಿ ಬರೆದು ಗುಂಡುಸೂಜಿ ಚುಚ್ಚಿದವರು ಸ್ವತಃ ಅವರೇ. 'ಅಜ್ಜನ ಧೋತರ' ಎಂಬ ಚೀಟಿ ಈಗ ಅವರ ಪ್ಯಾಂಟಿನ ಹಿಂದೆ ನೇತಾಡುತ್ತಿತ್ತು.

ಅಂಗಳದಲ್ಲಿ ಹಳೇ ಸಾಮಾನಿನ ಪ್ರದರ್ಶನ ನೋಡಲು ಬಂದ ಮಂದಿ ಹೊಟ್ಟೆ ಹಿಡಿದು ನಕ್ಕಿತು.

"ನಗ್ರಿ! ತಾಮ್ರದ ಹಂಡೆ ಮಾರಿ ಪ್ಲಾಸ್ಟಿಕ್ ಬಕೀಟ ತಂದ ಮಂದಿಗಿ ಇತಿಹಾಸ ಏನ್ ತಿಳೀತದ?"

ಎಂಬತ್ತರ ಮಾಳಮ್ಮ ಮಗನಿಗಿಂತ ಸಿಟ್ಟಿನಲ್ಲಿದ್ದಳು. "ನನ್ನ ಕೌದಿ ಕೊಡೋ. ಮೂರು ದಿನ ಆತು, ಚಳಿಗಿ ನಡುಗಾಕತ್ತೇನಿ."

"ಯವ್ವಾ, ಇದು ಹೊದಿಯೋದಲ್ಲ. ಇತಿಹಾಸ!"

"ಇತಿಹಾಸ ನೀ ಹೊದ್ದುಕೋ. ಕೌದಿ ನಂಗ ಕೊಡು."

ಅಷ್ಟರಲ್ಲಿ ಇಸ್ತ್ರಿ ಅಂಗಡಿಯ ರಾಜೇಸಾಬ ತನ್ನ ಅಜ್ಜನ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹೊತ್ತು ಬಂದ. "ಇದನ್ನೂ ಇಡ್ರಿ ಸರ."

"ಕಳ್ಳನ ಇಸ್ತ್ರಿ ಇಲ್ಲಿ ಬ್ಯಾಡ! ಮೊದಲು ನನ್ನ ಸಫಾರಿ ತಾ!"

ಇಪ್ಪತ್ತಾರು ವರ್ಷದ ಹಿಂದೆ ಇಸ್ತ್ರಿಗೆ ಹೋದ ಮದುವೆಯ ಸಫಾರಿ ಮಾಸ್ತರರ ಮೈಗೆ ಮರಳಿರಲಿಲ್ಲ. "ಅವತ್ತೇ ಮನಿಗಿ ಮುಟ್ಟಿಸೇನ್ರಿ..." ಎಂದು ರಾಜೇಸಾಬ ಬಾಯಿ ತೆರೆದರೆ ಸಾಕು, ಮಾಸ್ತರರು ಮುಂದಿನ ಮಾತು ಹೊರಡಲು ಬಿಟ್ಟವರಲ್ಲ. ಅಂದಿನಿಂದ ಇಸ್ತ್ರಿಗೆಂದು ಆಳಂದಕ್ಕೆ ಬಸ್ಸು ಹತ್ತುತ್ತಿದ್ದರು. ಸುಕ್ಕು ತೆಗೆಸಿಕೊಂಡ ಅಂಗಿ ಬರುವಾಗ ಬಸ್ಸಿನ ನೂಕುನುಗ್ಗಲಲ್ಲಿ ಮತ್ತೆ ಮುದ್ದೆಯಾಗುತ್ತಿತ್ತು. ಆದರೂ ಹಟ ಹಟವೇ!

ರಾಜೇಸಾಬ ತಲೆ ತಗ್ಗಿಸಿ ಹೊರಟವನು, ಮುಖ್ಯ ಅತಿಥಿ ಬಂದದ್ದರಿಂದ ಬಾಗಿಲಲ್ಲೇ ನಿಂತ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪಂಚಶೀಲಾ ಮೇಡಂ. ಮಾಸ್ತರರು ಕೌದಿಯ ನಡುವಿನ ಕಂದು ತುಣುಕು ತೋರಿಸಿ ಎದೆಯುಬ್ಬಿಸಿದರು. "ನಿಜಾಮರ ಕಾಲದ ಜಮಾದಾರನ ಅಂಗಿ, ಮೇಡಂ! ಕಿಸೆ ಸೈತ ಹಂಗೇ ಅದ!"

ಮೇಡಂ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿದರು. "ಟೆರಿಕಾಟ್ ಇದ್ದಂಗದಲ್ರಿ ಸರ? ನಿಜಾಮರ ಕಾಲಕ್ಕ ಇದೆಲ್ಲಿತ್ತು?" ಮಾಸ್ತರರ ಎದೆ ಅರ್ಧ ಇಳಿಯಿತು. ಮೇಡಂ ಮುದುಕಿಯ ಕಡೆ ತಿರುಗಿದರು. "ಅಮ್ಮಾ, ಇದು ಯಾರ ಬಟ್ಟಿರಿ?"

"ಇವಂದೇ. ಮದುವಿ ಸಫಾರಿ. ರಾಜೇಸಾಬ ಇಸ್ತ್ರಿ ಮಾಡಿ ತಂದು ನನ್ನ ಕೈಯಾಗೇ ಕೊಟ್ಟ. ಟ್ರಂಕಿನಾಗ ಇಟ್ಟೆ. ಕಾಲರ್ ಇಲಿ ತಿಂತು. ಕಿಸೆ ಗಟ್ಟಿ ಇತ್ತು, ಕೌದಿಗಿ ಹಾಕಿದೆ."

ರಾಜೇಸಾಬ ಒಳಗೆ ಬಂದು, ಇಸ್ತ್ರಿಪೆಟ್ಟಿಗೆಯನ್ನು ಪ್ರದರ್ಶನದ ಮೇಜಿನ ನಟ್ಟನಡುವೆ ಧಡ್ಡೆಂದು ಇಟ್ಟ. "ಇಪ್ಪತ್ತಾರು ವರ್ಷ ಕಳ್ಳ ಅನಿಸಿಕೊಂಡೇನ್ರಿ ಸರ. ಇದಕ್ಕ ಚೀಟಿ ನಾನೇ ಬರೀತೇನಿ."

ಮಾಸ್ತರರು ಉಳಿದಷ್ಟು ಸಿಟ್ಟನ್ನೆಲ್ಲ ಅವ್ವನ ಮೇಲೆ ಸುರಿದರು. "ಯವ್ವಾ! ಇಷ್ಟು ವರ್ಷ ಯಾಕ ಹೇಳಲಿಲ್ಲ?"

ಮಾಳಮ್ಮ ಕೌದಿಯ ಸೂಜಿಗಳನ್ನು ಒಂದೊಂದಾಗಿ ಕಿತ್ತಳು. ಹೆಗಲ ತುಂಬ ಹೊದ್ದುಕೊಂಡಳು. ಜಮಾದಾರನ ಕಿಸೆಗೆ ಕೈ ಹಾಕಿ ಅಡಿಕೆ ಹೋಳು ತೆಗೆದು ಬಾಯಿಗಿಟ್ಟಳು.

"ನೀ ಕೇಳಿದ್ದು ರಾಜೇಸಾಬನ್ನ. ನನ್ನ ಯಾವಾಗ ಕೇಳಿದ್ದಿ?"