ಭಾವನ ಮೂರು ತೊಟ್ಟಿ ಗೆಂಡೆ ಮೀನು

ಮೀನು ತಿಂದು ಹೊಟ್ಟೆ ಕೆಡಿಸಿಕೊಂಡವರನ್ನು ನೀವು ನೋಡಿರಬಹುದು. ಮುಳ್ಳು ಗಂಟಲಿಗೆ ಸಿಕ್ಕಿಸಿಕೊಂಡು ಅನ್ನದ ಉಂಡೆ ನುಂಗಿದವರನ್ನೂ ನೋಡಿರಬಹುದು. ಆದರೆ ಹುಟ್ಟಿದಾಗಿನಿಂದ ಒಂದು ತುಣುಕು ಮೀನನ್ನೂ ನಾಲಿಗೆಗೆ ಸೋಕಿಸದೆ, ಬರೀ ಮೀನಿನಿಂದಲೇ ಊರ ಬಾಯಿಗೆ ಬಿದ್ದವರು ಇಡೀ ಶಿಕಾರಿಪುರದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ, ನನ್ನ ಅಕ್ಕನ ಗಂಡ. ಹೆಸರು ಹೇಳುವುದಿಲ್ಲ. ಹೇಳಿದರೆ ಅಕ್ಕ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಹೇಳದಿದ್ದರೂ ನಮ್ಮೂರಿನವರಿಗೆ ಈಗಾಗಲೇ ಗೊತ್ತಾಗಿರುತ್ತದೆ!

ಭಾವನದು ಜವಳಿ ಅಂಗಡಿ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನ. ಕೇಕಿನಲ್ಲಿ ಮೊಟ್ಟೆಯಿದೆ ಎಂಬ ಅನುಮಾನ ಬಂದರೆ ಹುಟ್ಟುಹಬ್ಬವನ್ನೇ ಬಿಟ್ಟು ಎದ್ದು ಬರುವ ಮನುಷ್ಯ. ಇಂಥವರು ಬೆಳಿಗ್ಗೆ ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು ನೇರವಾಗಿ ಹೋಗಿ ನಿಲ್ಲುವುದೆಲ್ಲಿ ಅಂತೀರಿ? ಬಾಷಾ ಸಾಹೇಬರ ಮೀನಿನಂಗಡಿಯ ಮುಂದೆ! ಅಲ್ಲಿ ಜೇಬಿನಿಂದ ಭೂತಗನ್ನಡಿ ತೆಗೆಯುತ್ತಾರೆ. ಬಟ್ಟೆಯ ಎಳೆ ಎಣಿಸಿ ಮಾಲು ಅಸಲಿಯೋ ನಕಲಿಯೋ ನೋಡುವುದಕ್ಕೆಂದು ಅವರಪ್ಪ ಇಟ್ಟುಕೊಂಡಿದ್ದ ಭೂತಗನ್ನಡಿ ಅದು. ಮಗ ಅದರಲ್ಲಿ ಮೀನಿನ ಹುರುಪೆ ಎಣಿಸುತ್ತಾರೆ!

"ಸಾವ್ಕಾರ್ರೆ, ಎಣ್ಸಿದ್ದು ಆತೇನ್ರಿ? ಗಿರಾಕಿ ನಿಂತಾರೆ," ಎನ್ನುತ್ತಾರೆ ಬಾಷಾ ಸಾಹೇಬರು.

"ಹದ್ನೇಳಕ್ಕೆ ಬಂದಿದ್ದೆ ಕಣ್ರಿ! ಮಾತಾಡ್ಸಿ ಮರೆಸಿಬಿಟ್ರಲ್ಲ!" ಭಾವ ಮತ್ತೆ ಕಿವಿರಿನ ಹತ್ತಿರದಿಂದ ಒಂದು, ಎರಡು ಎಂದು ಶುರು ಮಾಡುತ್ತಾರೆ.

ಗಿರಾಕಿಯ ಕೈಯಲ್ಲಿ ಚೀಲ, ಸಾಹೇಬರ ಕೈಯಲ್ಲಿ ಕತ್ತಿ, ಭಾವನ ಕೈಯಲ್ಲಿ ಮೀನು. ಆ ಮೀನು ಸತ್ತಿದ್ದೇ ಪುಣ್ಯ. ಬದುಕಿದ್ದರೆ ನಾಚಿಕೆಯಿಂದ ಸಾಯುತ್ತಿತ್ತು.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೆ? ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಿಸಲು ಆಗುತ್ತದೆಯೆ? ಹೋಟೆಲಿನಲ್ಲಿ ನಾನು ದೋಸೆ ತಿನ್ನುತ್ತಿದ್ದರೆ ಪರಿಚಯದವರೊಬ್ಬರು ಬಂದು ಕಿವಿಯಲ್ಲಿ ಕೇಳಿದರು: "ನಿಮ್ ಭಾವ ಶುರು ಹಚ್ಕೊಂಡಾರಂತೆ, ಹೌದೇನ್ರಿ?" ಏನನ್ನು ಎಂದೆ. "ಅದೇ… ನೀರಿಂದು!" ನಾನು ಹೌಹಾರಿ, ಅವರು ಮೀನು ತಿನ್ನುವುದಿಲ್ಲ, ಎಣಿಸುತ್ತಾರೆ ಅಷ್ಟೆ ಎಂದು ವಿವರಿಸಿದೆ. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ತಿಂದಿದ್ದರೆ ವಾಸಿಯಿತ್ತು ಅನ್ನುವ ಹಾಗಿತ್ತು ಆ ನೋಟ.

ಹುಚ್ಚು ಬಿಡುವವರೆಗೂ ಮದುವೆಯಾಗದು, ಮದುವೆಯಾಗುವವರೆಗೂ ಹುಚ್ಚು ಬಿಡದು ಅನ್ನುತ್ತಾರೆ. ಭಾವನ ವಿಷಯದಲ್ಲಿ ಮದುವೆಯೂ ಆಯಿತು, ಹುಚ್ಚೂ ಉಳಿಯಿತು. ಅಕ್ಕನನ್ನು ನೋಡಲು ಬಂದ ದಿನ ಅವರು ನಮ್ಮಪ್ಪನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮೂರ ಕೆರೇಲಿ ಯಾವ್ಯಾವ ಗೆಂಡೆ ಐತೆ?" ಎಂದು. ಅಪ್ಪ ಅದನ್ನು ಹೊಲದ ಪಹಣಿ ಕೇಳುವ ನಾಜೂಕಿನ ದಾರಿ ಎಂದುಕೊಂಡು ನಾಲ್ಕು ಎಕರೆಯ ಲೆಕ್ಕ ಒಪ್ಪಿಸಿದರು!

ಗೆಂಡೆ ಎಂದರೆ ನಮ್ಮ ಕೆರೆ, ಹಳ್ಳ, ಗದ್ದೆಯ ಕಾಲುವೆಗಳಲ್ಲಿ ಕಾಣುವ ಬೆರಳುದ್ದ, ಗೇಣುದ್ದದ ಮೀನು. ನನಗೂ ನಿಮಗೂ ಎಲ್ಲವೂ ಗೆಂಡೆಯೇ. ಭಾವನ ಎದುರು ಹಾಗೆಂದರೆ ಮುಗಿಯಿತು! "ನಿಮ್ಮನೇಲಿ ಅಪ್ಪ, ಅವ್ವ, ಅಜ್ಜಿ ಎಲ್ರನ್ನೂ 'ಜನ' ಅಂತ ಕರೀತೀಯೇನೋ?" ಎಂದು ಹಿಡಿದುಕೊಳ್ಳುತ್ತಾರೆ. ನಾಲ್ಕು ಮೀಸೆಯದು ಬೇರೆ, ಎರಡು ಮೀಸೆಯದು ಬೇರೆ, ಮೀಸೆಯೇ ಇಲ್ಲದ್ದು ಬೇರೆ. ಬೆನ್ನಿನ ಮುಳ್ಳು ಗರಗಸದ ಹಾಗಿದ್ದರೆ ಒಂದು, ನುಣ್ಣಗಿದ್ದರೆ ಇನ್ನೊಂದು. ಒಂದೇ ಕುಲವೆಂದುಕೊಂಡಿದ್ದ ಈ ಮೀನುಗಳನ್ನು ಪಂಡಿತರು ಒಡೆದು ಐದಾರು ಕುಲ ಮಾಡಿದ್ದಾರೆಂದು ಅವರು ಎಲ್ಲೋ ಓದಿದ್ದರು. ಅಂದಿನಿಂದ ಅವರಿಗೆ ನೆಲ ಕಾಣಲಿಲ್ಲ. "ಅವ್ರು ಐದಾರು ಮಾಡ್ಯಾರೆ ಅಂದ್ರೆ ನಾನು ಮೂರು ಮಾಡಿದ್ರೆ ತಪ್ಪೇನೋ?"

ಆ ಮೂರೂ ಜಾತಿಗಳು ಅಂಗಡಿಯ ಹಿಂದಿನ ಮನೆಯ ಹಿತ್ತಲಿನಲ್ಲಿದ್ದವು, ಮೂರು ಸಿಮೆಂಟಿನ ತೊಟ್ಟಿಗಳಲ್ಲಿ. ಒಂದರಲ್ಲಿ ಮೈಮೇಲೆ ಕಪ್ಪು ಅಡ್ಡಪಟ್ಟಿಗಳಿದ್ದ ಸಣ್ಣ ಮೀನು: ಪಟ್ಟೆ ಗೆಂಡೆ. ಇನ್ನೊಂದರಲ್ಲಿ ಪಟ್ಟೆಯಿಲ್ಲದ, ಬಾಲದ ಹತ್ತಿರ ಮಾತ್ರ ಕಪ್ಪು ಬೊಟ್ಟಿದ್ದದ್ದು: ಬೊಟ್ಟು ಗೆಂಡೆ. ಮೂರನೆಯದರಲ್ಲಿ ಬೊಟ್ಟೂ ಇದ್ದು, ಬೆನ್ನಿನ ರೆಕ್ಕೆಯಿಂದ ಸೀರೆಯ ಕುಚ್ಚಿನಂತೆ ಎಳೆಗಳು ಇಳಿಬಿದ್ದದ್ದು: ದಾರ ಗೆಂಡೆ. ಇವು ಯಾವ ಪಂಡಿತರಿಗೂ ಗೊತ್ತಿಲ್ಲದ ಮೂರು ಹೊಸ ಜಾತಿಗಳೆಂದು ಭಾವನ ನಂಬಿಕೆ. ಉದ್ದನೆಯ ಒಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಹೆಸರು ಬರೆದು, ಏಳು ವರ್ಷಗಳಿಂದ ದಿನಾ ಒಂದೊಂದು ಟಿಪ್ಪಣಿ ಬರೆಯುತ್ತಿದ್ದರು. ನಾನೊಮ್ಮೆ ಇಣುಕಿದ್ದೆ. "ದಾರ ಗೆಂಡೆ ಇದುವರೆಗೆ ಒಂದು ಮೊಟ್ಟೆಯನ್ನೂ ಇಟ್ಟಿಲ್ಲ. ಬಹಳ ಸಂಯಮದ ಜಾತಿ" ಎಂದಿತ್ತು!

ಈ ಶಾಸ್ತ್ರಕ್ಕೆ ಒಂದೇ ಒಂದು ವಿಘ್ನ. ಪಟ್ಟೆ ಗೆಂಡೆಯ ತೊಟ್ಟಿಗೆ ಬಿಟ್ಟ ಮೀನು ಆರೇಳು ತಿಂಗಳಲ್ಲಿ ಮಾಯವಾಗುತ್ತಿತ್ತು. ಅದರ ಜಾಗದಲ್ಲಿ ಬೊಟ್ಟಿನವು, ದಾರದವು ಈಜುತ್ತಿದ್ದವು. ಪ್ರತಿ ವರ್ಷವೂ! ಭಾವನ ತೀರ್ಮಾನ ಸರಳವಾಗಿತ್ತು: ಯಾರೋ ಬೆರೆಸುತ್ತಿದ್ದಾರೆ. ಮೊದಲ ವರ್ಷ, ಅದೇ ಊರಿನಲ್ಲಿದ್ದು ದಿನಾ ಹೋಗಿಬರುವ ನನ್ನ ಮೇಲೆ ಗುಮಾನಿ. ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದರು. ಬೆಳೆದು ನಿಂತ ಗಂಡಸು ನಾನು, "ಗೆಂಡೆ ಬೆರೆಸಿಲ್ಲ" ಎಂದು ದೀಪ ಮುಟ್ಟಿ ಹೇಳಿದ್ದೇನೆ. ಎರಡನೆಯ ವರ್ಷ ತೊಟ್ಟಿಗಳಿಗೆ ಜಾಲರಿ ಮುಚ್ಚಳ ಮಾಡಿಸಿ ಬೀಗ ಹಾಕಿದರು. ಕೀಲಿ ಎರಡು. ಒಂದು ಭಾವನ ಹತ್ತಿರ, ಒಂದು ಅಕ್ಕನ ಹತ್ತಿರ. ಏಕೆಂದರೆ ಶಾಸ್ತ್ರ ಭಾವನದಾದರೂ ದಿನಾ ನೀರು ಬದಲಿಸುವುದು, ಪಾಚಿ ಉಜ್ಜುವುದು, ಅನ್ನದ ಅಗುಳು ಹಾಕುವುದು ಅಕ್ಕನ ಕೆಲಸ. ಹೀಗಾಗಿ ಬೀಗ ಹಾಕಿದ ಮೇಲೂ ಮೀನು ಬೆರೆತಾಗ ಕಳ್ಳಿ ಯಾರೆಂದು ಹೇಳಲು ಪಂಚಾಯ್ತಿ ಬೇಕಾಗಲಿಲ್ಲ.

"ನೀರು ಬದಲಿಸೋವಾಗ ಒಂದರದ್ದು ಇನ್ನೊಂದಕ್ಕೆ ಬಿಡ್ತೀಯಲ್ಲ, ಕಣ್ಣು ಕಾಣಲ್ವಾ ನಿಂಗೆ? ನನ್ನ ಇಡೀ ವರ್ಷದ ಕೆಲಸ ಹಾಳು!"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, "ಆಗಿರಬಹುದು ಕಣ್ರಿ, ಇನ್ಮೇಲೆ ನೋಡ್ಕೊಂತೀನಿ" ಎನ್ನುತ್ತಿದ್ದಳು. ಬಂದ ನೆಂಟರ ಮುಂದೆಯೂ ಇದೇ ಬೈಗುಳ, ಇದೇ ಉತ್ತರ. ನನಗೆ ಮೈ ಉರಿಯುತ್ತಿತ್ತು. ಬ್ಯಾಂಕಿನ ಚಲನ್ ತಾನೇ ತುಂಬಿ, ಊರವರ ಅರ್ಜಿಯನ್ನೂ ಬರೆದುಕೊಡುವ ನನ್ನ ಅಕ್ಕ, ಮೂರು ಮೀನಿನ ವಿಷಯದಲ್ಲಿ ದಡ್ಡಿಯೆನಿಸಿಕೊಂಡು ಕೂತಿದ್ದಳು!

ಹೋದ ಬೇಸಿಗೆಯಲ್ಲಿ ಸೊರಬದ ಕಡೆ, ಕುಪ್ಪಗಡ್ಡೆಯ ಹತ್ತಿರದ ಒಂದು ಹಳ್ಳಿಯಲ್ಲಿ ಕೆರೆಬೇಟೆಯಿತ್ತು. ಕೆರೆಯ ನೀರು ಮೊಣಕಾಲಿಗಿಳಿದಾಗ ಸುತ್ತಲ ಊರಿನವರೆಲ್ಲ ಕೂಣಿ ಎಂಬ ಬಿದಿರಿನ ಬುಟ್ಟಿ ಹಿಡಿದು ದಡದಲ್ಲಿ ನಿಲ್ಲುತ್ತಾರೆ. ಸೂಚನೆ ಸಿಕ್ಕಿದ್ದೇ ತಡ, ಕೂಗುತ್ತ ಒಟ್ಟಿಗೇ ಕೆರೆಗೆ ನುಗ್ಗುತ್ತಾರೆ. ಬಲವಿದ್ದವರು ಹೋಗುವ ಜಾಗ ಅದು. ನಮ್ಮ ಭಾವ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹಾರ್ಲಿಕ್ಸ್ ಬಾಟಲಿ ಹಿಡಿದು ಹೋದರು! ಮುಚ್ಚಳಕ್ಕೆ ತೂತು ಕೊರೆದ ಮೂರು ಡಬ್ಬಿಗಳನ್ನು ಹೊತ್ತುಕೊಂಡು ಹಿಂದೆ ನಾನು.

"ಕೂಣಿ ಎಲ್ಲಿ ಮಾರಾಯ್ರೆ?" ಎಂದು ಪಕ್ಕದವನು ಕೇಳಿದ.

"ನಂದು ಬಾಟ್ಲಿ," ಎಂದರು ಭಾವ ಗಂಭೀರವಾಗಿ.

ಮುಂದಿನದನ್ನು ಏನೆಂದು ಹೇಳಲಿ? ಜನ ನುಗ್ಗಿದರು, ಭಾವ ಬಿದ್ದರು. ಕೆಸರಿನ ಮೇಲೆ ಒಂದು ಕೈ, ಕೈಯಲ್ಲಿ ಬಾಟಲಿ, ಅಷ್ಟೇ ಕಾಣುತ್ತಿತ್ತು. ಯಾರೋ ಎತ್ತಿ ನಿಲ್ಲಿಸಿ, ಪಾಪವೆನಿಸಿ ತೊಡೆ ದಪ್ಪದ ಕೊರವ ಮೀನೊಂದನ್ನು ಕೊಡಹೋದರು. "ಬೇಡ ಬೇಡ! ಅದರ ಜಾತಿ ಎಲ್ರಿಗೂ ಗೊತ್ತಿರೋದೇ!" ಎಂದು ಭಾವ ಕೈಯಾಡಿಸಿಬಿಟ್ಟರು. ಬೇರೆಯವರು ಸಣ್ಣದೆಂದು ಎಸೆದ ಗೆಂಡೆಗಳಿಗಾಗಿ ಮಾತ್ರ ಕೆಸರಿನಲ್ಲಿ ಅಂಬೆಗಾಲಿಡುತ್ತ ಹೋದರು.

ದಡದಲ್ಲಿ ಕೂತು ನಾನು ಅವರು ಕಳಿಸಿದ್ದನ್ನು ಮೂರು ಡಬ್ಬಿಗಳಿಗೆ ವಿಂಗಡಿಸುತ್ತಿದ್ದೆ. ಪಕ್ಕದಲ್ಲಿ ಮಗನ ಬಟ್ಟೆ ಕಾಯುತ್ತ ಕೂತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ನೋಡಿ ಕೇಳಿದಳು: "ಎಂತ ಮಾಡ್ತಿದ್ರಿ ಅದು?"

"ಜಾತಿ ಬೇರೆ ಮಾಡ್ತಿದೀನಿ ಅಜ್ಜಿ."

"ಎಂತಾ ಜಾತಿನಾ ಏನಾ! ಪಟ್ಟೆ ಇರದು ಮರಿ. ದೊಡ್ಡದಾದ್ರೆ ಪಟ್ಟೆ ಹೋಗ್ತದೆ. ಬೊಟ್ಟಿಂದು ಹೆಣ್ಣು, ದಾರದ್ದು ಗಂಡು. ಒಂದೇ ಸಂಸಾರನ ಮೂರು ಡಬ್ಬಿಗೆ ಹಾಕಿ ಕೂತ್ಕಂಡಿದ್ರಲ್ಲ ಮಾರಾಯ್ರೆ, ಪಾಪ ಬರ್ತದೆ!"

ನನ್ನ ತಲೆಯಲ್ಲಿ ದೀಪ ಹತ್ತಿತು. ಮರಿಗಳು ಮಾಯವಾಗುತ್ತಿರಲಿಲ್ಲ, ಬೆಳೆಯುತ್ತಿದ್ದವು! ಸಂಯಮದ ಜಾತಿ ಮೊಟ್ಟೆಯಿಡದಿದ್ದುದು ಏಕೆಂದರೆ ಅದು ಬರೀ ಗಂಡಸರ ತೊಟ್ಟಿ! ಏಳು ವರ್ಷದ ಆಣೆ, ಬೀಗ, ಬೈಗುಳಗಳೆಲ್ಲ ಇದಕ್ಕಾಗಿ! ಅಲ್ಲೇ ಹೇಳಿಬಿಡೋಣವೆಂದು ಎದ್ದೆ. ಭಾವ ಹುಬ್ಬಿನವರೆಗೂ ಕೆಸರು ಮೆತ್ತಿಕೊಂಡು ನಗುತ್ತ ಬಂದರು. "ಪ್ರೊಫೆಸರ್ ಒಬ್ರಿಗೆ ಬರೆದಿದ್ದೆ ಕಣೋ. ದೀಪಾವಳಿ ಹೊತ್ತಿಗೆ ಬಂದು ಪುಸ್ತಕ ನೋಡ್ತೀನಿ ಅಂದಾರೆ," ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಆ ಪ್ರೊಫೆಸರರು ಬಂದು ಮೂರು ತೊಟ್ಟಿ ನೋಡಿದರೆ ಎಷ್ಟು ಹೊತ್ತು ನಗಬಹುದು?

ಮರುದಿನ ಭಾವ ಅಂಗಡಿಯಲ್ಲಿದ್ದಾಗ ಅಕ್ಕನ ಅಡುಗೆಮನೆಗೆ ಹೋದೆ. ನೀನು ನಿರಪರಾಧಿ, ನನ್ನ ಹತ್ತಿರ ಸಾಕ್ಷಿಯಿದೆ ಎಂದು ವಕೀಲನ ಗತ್ತಿನಲ್ಲಿ ಅಜ್ಜಿಯ ಮಾತು ಹೇಳಿದೆ. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಮೊದಲ್ನೇ ವರ್ಷವೇ ಗೊತ್ತಾತು. ದಿನಾ ನೀರು ಹಾಕೋಳು ನಾನು. ಮರಿ ಬೆಳೆದದ್ದು ಕಾಣ್ದೇ ಇರ್ತದಾ?"

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಹೇಳೋಕೆ ಏನಾಗಿತ್ತು ನಿಂಗೆ? ಇಷ್ಟು ವರ್ಷ ಬೈಸಿಕೊಂಡೆಯಲ್ಲ!"

"ಹೇಳೋಣ ಅಂತಾನೇ ಹೋದೆ. ಅವತ್ತು ಕೆಂಪು ಶಾಯೀಲಿ ಹೆಸರು ಬರೀತಾ ಕೂತಿದ್ರು. ಆ ಮುಖ ನೋಡಿ ಬಾಯಿ ಬರ್ಲಿಲ್ಲ." ರೊಟ್ಟಿ ತಿರುವಿ ಹಾಕಿದಳು. "ಅಂಗಡಿ ಮಾವನೋರು ಕಟ್ಟಿದ್ದು. ಮನೆ ಮಾವನೋರ ಅಪ್ಪ ಕಟ್ಟಿದ್ದು. ಇವರು ತಾವಾಗಿ ಮಾಡ್ಕೊಂಡಿದ್ದು ಅಂದ್ರೆ ಆ ಮೂರು ತೊಟ್ಟಿ. ನಾನೇ ಬೆರೆಸಿದೆ ಅಂದ್ಕೊಂಡ್ರೆ ಪುಸ್ತಕ ಉಳಿತದೆ. ನಾಲ್ಕು ಮಾತು ಅನ್ನಿಸ್ಕೊಂಡ್ರೆ ನನ್ನ ಮೈ ಸವೀತದಾ?"

ಪ್ರೊಫೆಸರರ ವಿಷಯ ಹೇಳಿದೆ. ಆಗ ಮಾತ್ರ ಅವಳ ಕೈ ನಿಂತಿತು. ನಾನೇ ಭಾವನಿಗೆ ಹೇಳುತ್ತೇನೆಂದರೆ ಬೇಡವೆಂದಳು. ಇನ್ನೊಬ್ಬರು ಹೇಳಿದರೆ ಕುಸಿದುಹೋಗುತ್ತಾರೆ, ಅವರೇ ಕಾಣಲಿ ಎಂದಳು.

ಅಂದು ಸಂಜೆ ಅಕ್ಕ ಮದುವೆಯಾದ ಮೇಲೆ ಮೊದಲ ಸಲ ಜಗಳ ತೆಗೆದಳು! "ನಿಮ್ಮ ಕೀಲಿ ತಗೊಳ್ರಿ. ಬೆರೆಸ್ತೀನಿ ಬೆರೆಸ್ತೀನಿ ಅಂತೀರಲ್ಲ, ಒಂದು ಪಟ್ಟೆ ಗೆಂಡೆ ಗಾಜಿನ ಪೆಟ್ಟಿಗೆಗೆ ಹಾಕ್ಕೊಂಡು ಅಂಗಡೀಲೇ ಇಟ್ಕೊಳ್ರಿ. ನೀವೇ ಅನ್ನ ಹಾಕ್ರಿ, ನೀವೇ ನೀರು ಬದಲಿಸ್ರಿ. ನಾನು ಅಂಗಡಿ ಮೆಟ್ಲೂ ಹತ್ತಲ್ಲ."

ಹತ್ತಲೂ ಇಲ್ಲ. ಗೌರಿ ಹಬ್ಬದ ಸೀರೆಯನ್ನು ಅವಳು ಸ್ವಂತ ಅಂಗಡಿ ಬಿಟ್ಟು ಎದುರಿನವರ ಹತ್ತಿರ ಕೊಂಡಳು!

ಭಾವ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆ ಒಂದು ಮೀನನ್ನಿಟ್ಟುಕೊಂಡು ಕಾವಲು ಕೂತರು. ಆಷಾಢ ಕಳೆಯಿತು. ಒಂದು ಪಟ್ಟೆ ಮಸುಕಾಯಿತು. ಭಾವ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಣ್ಣು ಸರಿಯಿದೆ ಎಂದರು. ಇನ್ನೊಂದು ಪಟ್ಟೆ ಹೋಯಿತು. ಟ್ಯೂಬ್‌ಲೈಟ್ ಬದಲಿಸಿದರು. ನವರಾತ್ರಿ ಮುಗಿಯುವ ಹೊತ್ತಿಗೆ ಪಟ್ಟೆಗಳೆಲ್ಲ ಹೋಗಿ ಬಾಲದ ಹತ್ತಿರ ಒಂದು ಬೊಟ್ಟು ಉಳಿದಿತ್ತು, ಬೆನ್ನಿನ ರೆಕ್ಕೆಯಲ್ಲಿ ಎಳೆಗಳು ಚಿಗುರುತ್ತಿದ್ದವು. ಭಾವ ಮಧ್ಯಾಹ್ನವೇ ಅಂಗಡಿ ಮುಚ್ಚಿ, ನನ್ನನ್ನೂ ಎಳೆದುಕೊಂಡು ಮನೆಗೆ ಓಡಿ ಬಂದರು.

"ಕಂಡುಹಿಡಿದೆ ಕಣೇ! ಮೂರೂ ಒಂದೇ! ಅವೆಲ್ಲ ಒಂದೇ ಜಾತಿ! ಯಾರೂ ಬೆರೆಸಿಲ್ಲ, ಅವೇ ಬೆಳೆದದ್ದು!" ಹಿತ್ತಲಿಗೆ ಹೋಗಿ ಮೂರು ತೊಟ್ಟಿಗಳ ಬೀಗ ತೆಗೆದರು. ಪುಸ್ತಕದಲ್ಲಿ ಮೂರು ಹೆಸರುಗಳನ್ನು ಹೊಡೆದು ಹಾಕುವಾಗಲೂ ನಗುತ್ತಿದ್ದರು. ಅವರು ಕುಸಿಯುತ್ತಾರೆಂದು ನಾಲ್ಕೈದು ತಿಂಗಳು ಹೆದರಿದ ನಾನೇ ಪೆದ್ದ!

ಹೊಡೆದು ಹಾಕುತ್ತಿದ್ದ ಪೆನ್ನು ನಡುವೆ ನಿಂತಿತು. ಭಾವ ತಲೆಯೆತ್ತಿ ಅಕ್ಕನನ್ನು ನೋಡಿದರು.

"ಯಾರೂ ಬೆರೆಸಿಲ್ಲ ಅಂದ್ರೆ… ನೀನೂ ಬೆರೆಸಿರ್ಲಿಲ್ಲ."

ಅಕ್ಕ ತಟ್ಟೆ ಹಾಕಲು ಒಳಗೆ ತಿರುಗಿದಳು.

"ಗೊತ್ತಿತ್ತಾ ನಿಂಗೆ?"

"ಊಟಕ್ಕೆ ಏಳ್ರಿ," ಎಂದಳು ಅಕ್ಕ. ಭಾವ ಅಂದು ಊಟ ಮಾಡಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತು, ಅಕ್ಕನಿಗೆ ಯಾವಾಗಿನಿಂದ ಗೊತ್ತಿತ್ತು ಎಂದು ನನ್ನನ್ನು ಕೇಳಿದರು; ಮೊದಲ ವರ್ಷದಿಂದಲೇ ಎಂದೆ. ಬಾಯಿ ತುಂಬ ಬಯ್ಯಬೇಕೆಂದು ವರ್ಷಗಳಿಂದ ಮಾತು ಕೂಡಿಟ್ಟುಕೊಂಡಿದ್ದ ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಮಾರನೆಯ ದಿನ ಪ್ರೊಫೆಸರರಿಗೆ ಬರೆದ ಕಾಗದವನ್ನು ನನ್ನ ಕೈಗೆ ಕೊಟ್ಟು, ತಪ್ಪಿದೆಯೇ ಓದು ಎಂದು ಹೇಳಿ ಭಾವ ಹೊರಟುಹೋದರು. ನಾನು ಅಕ್ಕನ ಮುಂದೆಯೇ ಗಟ್ಟಿಯಾಗಿ ಓದಿದೆ. ತಾವು ಮೂರೆಂದು ತಿಳಿದದ್ದು ಒಂದೇ ಎಂದು ಬರೆದಿದ್ದರು. ಕೆಳಗೆ ಕೆಂಪು ಶಾಯಿಯಲ್ಲಿ, "ಇದನ್ನು ನನಗಿಂತ ಏಳು ವರ್ಷ ಮೊದಲೇ ಕಂಡುಹಿಡಿದವರು ನನ್ನ ಹೆಂಡತಿ" ಎಂದಿತ್ತು. ಮುಂದೆ ಅಕ್ಕನ ಪೂರ್ತಿ ಹೆಸರು, ತವರಿನ ಊರಿನ ಸಮೇತ.

"ಇವ್ರಿಗೆ ಬೇರೆ ಕೆಲ್ಸ ಇಲ್ಲ," ಎಂದು ಅಕ್ಕ ಮುಖ ತಿರುಗಿಸಿದಳು. ಅವಳಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಆದರೂ ಆ ಸಾಲನ್ನು ನನ್ನ ಕೈಯಲ್ಲಿ ಇನ್ನೂ ಎರಡು ಸಲ ಓದಿಸಿದಳು.